ವ್ಯಾನ್ ಸ್ಟಾರ್ಟ್ ಆಗ್ತಿಲ್ವಾ? ಹೊಸ ಬ್ಯಾಟರಿ ತರುವ ಮುಂಚೆ ಇಷ್ಟು ನೋಡಿ

ಇದು ಮುಖ್ಯವಾಗಿ ಓಮ್ನಿ, ಈಕೋ ಇಟ್ಟುಕೊಂಡವರಿಗೆ. ಮಂಗಳೂರು, ಉಡುಪಿ ಕಡೆ ಮೀನು ಸಾಗಿಸುವುದಕ್ಕೆ, ಶಾಲೆ ಮಕ್ಕಳನ್ನು ಬಿಡುವುದಕ್ಕೆ, ಮದುವೆ ಮನೆಗೆ ಪಾತ್ರೆ ಸಾಗಿಸುವುದಕ್ಕೆ ಎಲ್ಲದಕ್ಕೂ ಇವೇ ತಾನೆ. ಓಮ್ನಿ ತಯಾರಿಕೆ 2019ರಲ್ಲೇ ನಿಂತಿತು. ಆದರೂ ರಸ್ತೆಯಲ್ಲಿ ಅದಕ್ಕೇನೂ ಬರಗಾಲ ಬಂದಿಲ್ಲ.

ಕರಾವಳಿಯ ವ್ಯಾನಿನ ತೊಂದರೆಗಳು ಘಟ್ಟದ ಮೇಲಿನ ವ್ಯಾನಿಗಿಂತ ಸ್ವಲ್ಪ ಬೇರೆ. ಇಲ್ಲಿ ಉಪ್ಪುಗಾಳಿ ಉಂಟು, ನಾಲ್ಕು ತಿಂಗಳು ಬಿಡದ ಮಳೆ ಉಂಟು, ಉಳಿದ ದಿನ ಸೆಕೆ. ಹಾಗಾಗಿ ಬ್ಯಾಟರಿಯೋ ಮೋಟಾರೋ ಸಾಯುವ ಮುಂಚೆಯೇ ಅವುಗಳನ್ನು ಜೋಡಿಸುವ ಜಾಗಕ್ಕೆ ತುಕ್ಕು ಹಿಡಿಯುತ್ತದೆ. ಬೆಳಿಗ್ಗೆ ವ್ಯಾನ್ ಎದ್ದೇಳಲಿಲ್ಲ ಅಂದ ಕೂಡಲೇ "ಬ್ಯಾಟರಿ ಹೋಯ್ತು ಮಾರಾಯ್ರೆ" ಅನ್ನುವವರು ಜಾಸ್ತಿ. ಸಾವಿರಾರು ರೂಪಾಯಿ ಕೊಟ್ಟು ಹೊಸದು ಹಾಕಿಸುತ್ತಾರೆ, ಹಾಕುವಾಗ ಮೆಕ್ಯಾನಿಕ್ ಟರ್ಮಿನಲ್ ಉಜ್ಜುತ್ತಾನೆ, ವ್ಯಾನ್ ಸ್ಟಾರ್ಟ್ ಆಗುತ್ತದೆ. ಸ್ಟಾರ್ಟ್ ಆದದ್ದು ಬ್ಯಾಟರಿಯಿಂದಲೋ ಉಜ್ಜಿದ್ದರಿಂದಲೋ ಯಾರೂ ಕೇಳುವುದಿಲ್ಲ. ನೀವು ಕೇಳಿ.

ಕೀ ಮುಟ್ಟುವ ಮುಂಚೆ

ಹ್ಯಾಂಡ್‌ಬ್ರೇಕ್ ಎಳೆಯಿರಿ, ಗೇರ್ ನ್ಯೂಟ್ರಲ್‌ಗೆ ತನ್ನಿ. ನಮ್ಮ ಊರಿನಲ್ಲಿ ಸಮತಟ್ಟಾದ ಜಾಗ ಕಡಿಮೆ, ಚಕ್ರಕ್ಕೆ ಒಂದು ಕಲ್ಲು ಕೊಡಿ. ಒಳಗೆ ಮಕ್ಕಳಿದ್ದರೆ ಇಳಿಸಿ, ರಸ್ತೆ ಬದಿಯಾದರೆ ಎಡಗಡೆ ಬಾಗಿಲಿನಿಂದಲೇ ಇಳಿಸಿ.

ಓಮ್ನಿ, ಈಕೋ ಎರಡರಲ್ಲೂ ಇಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಸೀಟು ಎತ್ತಿದರೆ ಎಲ್ಲ ಕೈಗೆ ಸಿಗುತ್ತದೆ, ಆದರೆ ಓಡಿಸಿ ನಿಲ್ಲಿಸಿದ ಕೂಡಲೇ ಎತ್ತಿದರೆ ಕೈ ಸುಡುತ್ತದೆ. ರೇಡಿಯೇಟರ್ ಮುಚ್ಚಳ ಬಿಸಿ ಇರುವಾಗ ತೆಗೆಯಲೇಬೇಡಿ. ಬ್ಯಾಟರಿ ಹತ್ತಿರ ಬೀಡಿ, ಸಿಗರೇಟು, ಬೆಂಕಿಕಡ್ಡಿ ಬೇಡ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರುತ್ತದೆ, ಕಿಡಿ ತಾಗಿದರೆ ಬ್ಯಾಟರಿಯೇ ಒಡೆಯಬಹುದು.

ಇನ್ನೊಂದು ಮಾತು, ಇದನ್ನು ತುಂಬಾ ಜನ ಪಾಲಿಸುವುದಿಲ್ಲ. ಒಂದೇ ಸಮನೆ ಸೆಲ್ಫ್ ಹೊಡೆಯಬೇಡಿ. ಒಂದು ಸಲಕ್ಕೆ 5 ಸೆಕೆಂಡ್, ಹೆಚ್ಚೆಂದರೆ 10. ಆಮೇಲೆ ಅರ್ಧ ನಿಮಿಷವಾದರೂ ಬಿಡಿ. ಇಲ್ಲದಿದ್ದರೆ ಇದ್ದ ತೊಂದರೆಯ ಜೊತೆಗೆ ಬ್ಯಾಟರಿಯೂ ಇಳಿದು ಸೆಲ್ಫ್ ಮೋಟಾರೂ ಸುಡುತ್ತದೆ.

ಈಗ ಕೀ ತಿರುಗಿಸಿ, ಸುಮ್ನೆ ಕಿವಿ ಕೊಟ್ಟು ಕೇಳಿ. ಯಾವ ಸದ್ದು ಬಂತು ಅನ್ನುವುದರ ಮೇಲೆ ಮುಂದಿನ ದಾರಿ.

ಟಕಟಕಟಕ ಅಂತ ಸದ್ದು, ದೀಪ ಮಂಕಾಗುತ್ತದೆ

ನಮ್ಮ ಕಡೆ ಅತಿ ಹೆಚ್ಚು ಕಾಣುವುದು ಇದೇ. ಸೆಲ್ಫ್ ಮೋಟಾರಿಗೆ ಸಾಕಷ್ಟು ಕರೆಂಟ್ ತಲುಪುತ್ತಿಲ್ಲ. ಮೋಟಾರಿನ ಮೇಲಿರುವ ಅಯಸ್ಕಾಂತದ ಸ್ವಿಚ್ ಎಳೆದುಕೊಳ್ಳುತ್ತದೆ, ಮೋಟಾರ್ ಕರೆಂಟ್ ಕೇಳಿದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಸ್ವಿಚ್ ಬಿಟ್ಟುಕೊಡುತ್ತದೆ, ಮತ್ತೆ ಎಳೆದುಕೊಳ್ಳುತ್ತದೆ. ಹಾಗಾಗಿ ಟಕಟಕ.

ಮೊದಲು ಕಾಸು ಖರ್ಚಿಲ್ಲದ ಪರೀಕ್ಷೆ. ಹೆಡ್‌ಲೈಟ್ ಹಾಕಿ, ಎದುರಿನ ಗೋಡೆ ನೋಡುತ್ತಾ ಸೆಲ್ಫ್ ಹೊಡೆಯಿರಿ. ಬೆಳಕು ಪೂರ್ತಿ ಆರಿಹೋದರೆ ಬ್ಯಾಟರಿ ಪೂರ್ತಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲ. ಬೆಳಕು ಚೆನ್ನಾಗಿಯೇ ಇದ್ದು ಮೋಟಾರ್ ಮಾತ್ರ ತಿರುಗದಿದ್ದರೆ ಬ್ಯಾಟರಿ ಸರಿ ಇದೆ, ಕೆಳಗೆ ಹೇಳಿದ ಅರ್ಥ್ ವೈರ್ ಒಂದು ನೋಡಿ ಮುಂದಿನ ಭಾಗಕ್ಕೆ ಹೋಗಿ.

ಆಮೇಲೆ ಟರ್ಮಿನಲ್. ಎರಡೂ ಕ್ಲಾಂಪ್‌ಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಅಲುಗಾಡಿದರೆ ತೊಂದರೆ ಅಲ್ಲೇ. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ, ಹಳೆ ಬ್ರಷ್‌ನಲ್ಲಿ ತಿಕ್ಕಿ. ನೊರೆ ಬಂದು ಪುಡಿ ಕರಗುತ್ತದೆ. ಆ ನೀರು ಬ್ಯಾಟರಿ ಮುಚ್ಚಳದ ಒಳಗೆ ಮಾತ್ರ ಹೋಗಬಾರದು. ಪುಡಿಯಲ್ಲಿ ಆಸಿಡ್ ಇರುತ್ತದೆ, ಕಣ್ಣಿಗೆ ತಾಗಿಸಬೇಡಿ, ತಾಗಿದರೆ ಧಾರಾಳ ನೀರು ಹಾಕಿ ತೊಳೆದು ಡಾಕ್ಟರ ಹತ್ತಿರ ಹೋಗಿ.

ಮೇಲಿಂದ ತಿಕ್ಕಿದರೆ ಸಾಲದು. ಕ್ಲಾಂಪ್ ಬಿಚ್ಚಲೇಬೇಕು. ಬಿಚ್ಚುವಾಗ ಮೊದಲು ಕಪ್ಪು, ಅಂದರೆ ಮೈನಸ್. ಹಾಕುವಾಗ ಅದನ್ನೇ ಕೊನೆಗೆ. ಈ ಕ್ರಮ ತಪ್ಪಿ ಸ್ಪ್ಯಾನರ್ ಪ್ಲಸ್‌ಗೂ ಬಾಡಿಗೂ ಒಟ್ಟಿಗೆ ತಾಗಿದರೆ ಬೆಂಕಿ ಹಾರುತ್ತದೆ. ಕೈಯಲ್ಲಿ ಉಂಗುರ, ಬಳೆ, ವಾಚ್ ಇದ್ದರೆ ತೆಗೆದಿಡಿ. ಕ್ಲಾಂಪಿನ ಒಳಮೈ ಮತ್ತು ಬ್ಯಾಟರಿಯ ಸೀಸದ ಕಂಬ ಎರಡನ್ನೂ ಸ್ಯಾಂಡ್‌ಪೇಪರ್‌ನಲ್ಲಿ ಹೊಳಪು ಬರುವ ತನಕ ಉಜ್ಜಿ, ಬಿಗಿಯಾಗಿ ಕೂರಿಸಿ. ಕೂರಿಸಿದ ಮೇಲೆ ಹೊರಗಿನಿಂದ ವ್ಯಾಸಲಿನ್ ಸವರಿ. ಮೊದಲೇ ಒಳಗೆ ಸವರುವುದಲ್ಲ.

ಇಷ್ಟಾದರೂ ಟಕಟಕ ನಿಲ್ಲಲಿಲ್ಲವೇ? ಈಗ ಯಾರೂ ನೋಡದ ಜಾಗ ನೋಡಿ: ಅರ್ಥ್ ವೈರ್. ಬ್ಯಾಟರಿಯ ಮೈನಸ್‌ನಿಂದ ಬಾಡಿಗೆ ಒಂದು ದಪ್ಪ ವೈರ್ ಹೋಗುತ್ತದೆ, ಇಂಜಿನ್ ಅಥವಾ ಗೇರ್‌ಬಾಕ್ಸ್‌ಗೂ ಒಂದು. ಪ್ಲಸ್ ವೈರಿನಲ್ಲಿ ಹೋದ ಕರೆಂಟ್ ಅಷ್ಟೂ ವಾಪಸ್ ಬರಬೇಕಾದದ್ದು ಇವುಗಳ ಮೂಲಕ. ಬೋಲ್ಟ್ ಹಾಕಿದ ಜಾಗಕ್ಕೆ ತುಕ್ಕು ಬಂದರೆ ದೀಪ ಉರಿಯುವಷ್ಟು ಕರೆಂಟ್ ದಾಟುತ್ತದೆ, ಮೋಟಾರ್ ತಿರುಗುವಷ್ಟು ದಾಟುವುದಿಲ್ಲ. ಮಲ್ಪೆ ಬಂದರಿಗೋ ಮಂಗಳೂರು ಬಂದರಿಗೋ ದಿನಾ ಹೋಗುವ ವ್ಯಾನಾದರೆ ಇದನ್ನೇ ಮೊದಲು ನೋಡಿ. ಮೀನಿನ ಕ್ರೇಟಿನಿಂದ ಇಳಿಯುವ ಐಸ್ ನೀರು ಉಪ್ಪುನೀರೇ. ಅದು ಫ್ಲೋರಿನ ಸಂದಿಯಲ್ಲಿ ಇಳಿದು ಬೋಲ್ಟುಗಳನ್ನು ತಿನ್ನುತ್ತದೆ.

ಅರ್ಥ್ ಕೆಟ್ಟಿದೆಯೇ ಎಂದು ತಿಳಿಯಲು ಜಂಪರ್ ಕೇಬಲ್, ಅಂದರೆ ಎರಡು ತುದಿಗೂ ಕ್ಲಿಪ್ ಇರುವ ದಪ್ಪ ವೈರ್, ಒಂದು ಸಾಕು. ಕಪ್ಪು ಕೇಬಲಿನ ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ಬಣ್ಣವಿಲ್ಲದ ಇಂಜಿನ್ ಲೋಹಕ್ಕೆ, ಬೆಲ್ಟ್‌ಗೆ ಸಿಗದ ಕಡೆ ಕಚ್ಚಿಸಿ. ಈಗ ಸೆಲ್ಫ್ ಹೊಡೆಯಿರಿ. ಇಂಜಿನ್ ಚುರುಕಾಗಿ ತಿರುಗಿದರೆ ಬ್ಯಾಟರಿ ಅಂಗಡಿಗೆ ಹೋಗುವ ಅಗತ್ಯವೇ ಇಲ್ಲ. ಅರ್ಥ್ ವೈರ್ ಬಿಚ್ಚಿ, ಬೋಲ್ಟಿನ ಜಾಗ ಉಜ್ಜಿ, ವೈರ್ ಹಳತಾಗಿದ್ದರೆ ಹೊಸದು ಹಾಕಿ.

ಮಲ್ಟಿಮೀಟರ್ ಇದ್ದರೆ ಊಹೆಯೇ ಬೇಡ. ರಾತ್ರಿ ನಿಲ್ಲಿಸಿದ ವ್ಯಾನಿನ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ಆಸುಪಾಸು ತೋರಿಸಿದರೆ ತುಂಬಿದೆ ಅಂತ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಖಾಲಿ, ಮೊದಲು ಚಾರ್ಜ್ ಮಾಡಿಸಿ. ಸೆಲ್ಫ್ ಹೊಡೆಯುವಾಗ ಒಬ್ಬರು ಮೀಟರ್ ನೋಡಲಿ. ಪೂರ್ತಿ ಚಾರ್ಜ್ ಆದ ಬ್ಯಾಟರಿಯೂ ಆಗ 9.6 ವೋಲ್ಟಿಗಿಂತ ಕೆಳಗೆ ಬಿದ್ದರೆ ಅದರ ಆಯಸ್ಸು ಮುಗಿಯಿತು ಅನ್ನಬಹುದು. ಹಾಗೆ ಅಳೆದ ಮೇಲೆ ಹೊಸ ಬ್ಯಾಟರಿಗೆ ದುಡ್ಡು ಕೊಡಿ, ನನ್ನದೇನೂ ತಕರಾರಿಲ್ಲ.

ನೀರು ಹಾಕುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬಾವಿ ನೀರು ಎಷ್ಟೇ ತಿಳಿಯಾಗಿರಲಿ, ಬೇಡ.

ಒಂದೇ ಸಲ "ಟಕ್", ಆಮೇಲೆ ಏನಿಲ್ಲ

ದೀಪ ಜೋರಾಗಿಯೇ ಉಂಟು, ಕೀ ತಿರುಗಿಸಿದರೆ ಒಂದು ಗಟ್ಟಿ "ಟಕ್", ಅಷ್ಟೇ. ಬ್ಯಾಟರಿ, ಅರ್ಥ್ ಎರಡೂ ನೋಡಿ ಆಗಿದ್ದರೆ ಸಂಶಯ ಸೆಲ್ಫ್ ಮೋಟಾರಿನ ಮೇಲೆ. ಒಳಗಿನ ಕಾರ್ಬನ್ ಬ್ರಷ್ ಸವೆದಿರಬಹುದು, ಸ್ವಿಚ್‌ನ ಪಾಯಿಂಟ್ ಸುಟ್ಟಿರಬಹುದು. ಮೋಟಾರಿನ ಮೈಗೆ ಸ್ಪ್ಯಾನರ್ ಹಿಡಿಯಿಂದ ಹಗುರವಾಗಿ ತಟ್ಟಿ, ಇನ್ನೊಬ್ಬರು ಕೀ ತಿರುಗಿಸಲಿ. ಗಾಡಿ ನ್ಯೂಟ್ರಲ್‌ನಲ್ಲಿದೆಯೇ ಎಂದು ಇನ್ನೊಮ್ಮೆ ನೋಡಿದ ಮೇಲೆ ಮಾತ್ರ. ತಟ್ಟಿದಾಗ ತಿರುಗಿದರೆ ಬ್ರಷ್ ಹೋಗಿದೆ ಅಂತಲೇ ಲೆಕ್ಕ. ತಟ್ಟುವುದು ರಿಪೇರಿ ಅಲ್ಲ, ಆಟೋ ಇಲೆಕ್ಟ್ರಿಷಿಯನ್ ತನಕ ಹೋಗುವುದಕ್ಕೆ ಒಂದು ಉಪಾಯ. ಬ್ರಷ್ ಬದಲಿಸುವುದು ಸಣ್ಣ ಖರ್ಚು, ಪೂರ್ತಿ ಮೋಟಾರ್ ಬೇಕು ಅಂದರೆ ಕಾರಣ ಕೇಳಿ.

ತಟ್ಟಿದರೂ ತಿರುಗದೆ, ಸೆಲ್ಫ್ ಹೊಡೆದಾಗ ದೀಪ ಮಂಕಾಗುತ್ತಿದ್ದರೆ ಇಂಜಿನ್ನೇ ಬಿಗಿದಿರಬಹುದು. ಅಲ್ಲಿಗೆ ನಿಲ್ಲಿಸಿ.

ದೀಪ ಸರಿ ಉಂಟು, ಒಂದು ಸದ್ದೂ ಇಲ್ಲ

ಇಲ್ಲಿ ಫ್ಯೂಸ್, ಸ್ಟಾರ್ಟರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಪುಟ್ಟ ಡಬ್ಬಿ), ಕೀ ಸ್ವಿಚ್, ಇಲ್ಲವೇ ಮೋಟಾರಿಗೆ ಹೋಗುವ ಸಣ್ಣ ವೈರ್ ಕಳಚಿದ್ದು. ಫ್ಯೂಸ್ ಹೋಗಿದ್ದರೆ ಅಷ್ಟೇ ಆಂಪಿಯರಿನದ್ದನ್ನು ಹಾಕಿ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವ ವಿದ್ಯೆ ಇನ್ನೂ ಕೆಲವರಲ್ಲಿ ಉಳಿದಿದೆ. ವ್ಯಾನಿಗೆ ಬೆಂಕಿ ಬೀಳುವುದು ಹಾಗೆಯೇ. ಹೊಸ ಫ್ಯೂಸ್ ಕೂಡ ಮತ್ತೆ ಹೋದರೆ ಎಲ್ಲೋ ವೈರ್ ಬಾಡಿಗೆ ತಾಗುತ್ತಿದೆ, ಇನ್ನೊಂದು ಹಾಕಿ ನೋಡುವ ಆಟ ಬೇಡ.

ಕಂಪನಿಯಲ್ಲೇ ಸಿಎನ್‌ಜಿ ಕೂರಿಸಿದ ಈಕೋ ಇದ್ದವರಿಗೆ ಒಂದು ಗುಟ್ಟು. ಗ್ಯಾಸ್ ತುಂಬಿಸುವ ಮುಚ್ಚಳದ ಹತ್ತಿರ ಸಣ್ಣ ಸ್ವಿಚ್ ಉಂಟು. ಮುಚ್ಚಳ ತೆರೆದಿದ್ದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಗ್ಯಾಸ್ ತುಂಬಿಸುವಾಗ ಯಾರೂ ಕೀ ತಿರುಗಿಸದಿರಲಿ ಎಂದು ಮಾಡಿದ್ದು. ಮುಚ್ಚಳ ಸರಿಯಾಗಿ ಒತ್ತಿ ಹಾಕಿ. ಎಷ್ಟೋ ಸಲ ಇಷ್ಟೇ ಇರುತ್ತದೆ.

ಕೀ ತಿರುಗಿಸಿದರೆ ದೀಪವೂ ಇಲ್ಲ

ಬ್ಯಾಟರಿ ಪೂರ್ತಿ ಸತ್ತಿದೆ, ಟರ್ಮಿನಲ್ ಕಳಚಿದೆ ಅಥವಾ ಮುಖ್ಯ ಫ್ಯೂಸ್ ಹೋಗಿದೆ. ಒಳಗಿನ ದೀಪ, ಬಾಗಿಲಿನ ದೀಪ ರಾತ್ರಿಯೆಲ್ಲ ಉರಿದಿತ್ತೇ ನೋಡಿ. ಹಿಂದಿನ ಜಾರು ಬಾಗಿಲು ಸರಿ ಕೂರದಿದ್ದರೂ ದೀಪ ಉರಿಯುತ್ತಲೇ ಇರುತ್ತದೆ.

ಇಂಜಿನ್ ಚೆನ್ನಾಗಿ ತಿರುಗುತ್ತದೆ, ಹಿಡಿಯುವುದಿಲ್ಲ

ಹಾಗಾದರೆ ಬ್ಯಾಟರಿಯ ತಂಟೆಗೆ ಹೋಗಬೇಡಿ. ಪೆಟ್ರೋಲ್ ಬರುತ್ತಿಲ್ಲ, ಇಲ್ಲವೇ ಪ್ಲಗ್‌ನಲ್ಲಿ ಕಿಡಿ ಇಲ್ಲ.

ನಗಬೇಡಿ, ಮೊದಲು ಪೆಟ್ರೋಲ್ ಉಂಟಾ ನೋಡಿ. ಹಳೆ ಓಮ್ನಿಗಳ ಮುಳ್ಳು ನಂಬುವ ಹಾಗಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿದ್ದರೆ ಟ್ಯಾಂಕಿನಲ್ಲಿ ಸ್ವಲ್ಪ ಇದ್ದರೂ ಪಂಪಿಗೆ ಸಿಗದೆ ಇರಬಹುದು. ಒಂದೆರಡು ಲೀಟರ್ ಹಾಕಿ ನೋಡಿ.

ಈಕೋ ಮತ್ತು ಇಂಜೆಕ್ಷನ್ ಇರುವ (ಕಂಪ್ಯೂಟರ್ ಹೇಳಿದಂತೆ ಪೆಟ್ರೋಲ್ ಸಿಂಪಡಿಸುವ) ಓಮ್ನಿಯಲ್ಲಿ ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಟ್ಯಾಂಕಿನ ಕಡೆಯಿಂದ ಒಂದೆರಡು ಸೆಕೆಂಡ್ "ಝುಯ್" ಅಂತ ಸದ್ದು ಬರಬೇಕು. ಅದು ಪೆಟ್ರೋಲ್ ಪಂಪ್. ಬರದಿದ್ದರೆ ಪಂಪಿನ ಫ್ಯೂಸ್, ರಿಲೇ ನೋಡಿ. ಅದೇ ಹೊತ್ತಿಗೆ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಚಿತ್ರದ ದೀಪ ಹೊತ್ತಿಕೊಂಡಿದೆಯೇ ನೋಡಿ. ಹೊತ್ತಿಕೊಳ್ಳಲೇಬೇಕು. ಹೊತ್ತಿಕೊಳ್ಳದಿದ್ದರೆ ಇಸಿಎಂಗೆ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿಗೆ, ಕರೆಂಟೇ ಹೋಗದೆ ಇರಬಹುದು. ಕೀ ಅಥವಾ ಬೀಗದ ಚಿತ್ರ ಮಿಟುಕುತ್ತಿದ್ದರೆ ಗಾಡಿ ನಿಮ್ಮ ಕೀಯನ್ನು ಗುರುತಿಸುತ್ತಿಲ್ಲ. ಗೊಂಚಲಿನಲ್ಲಿರುವ ಬೇರೆ ಕೀಗಳನ್ನು ತೆಗೆದು ನೋಡಿ, ಮನೆಯಲ್ಲಿರುವ ಎರಡನೇ ಕೀ ಹಾಕಿ ನೋಡಿ.

ಹಳೆಯ ಕಾರ್ಬೊರೇಟರ್ ಓಮ್ನಿಯಲ್ಲಿ ಈ ಝುಯ್ ಇಲ್ಲ, ಅದರ ಪಂಪ್ ಇಂಜಿನ್‌ನಿಂದಲೇ ಓಡುವುದು. ಅಲ್ಲಿ ಬೆಳಿಗ್ಗೆ ಚೋಕ್ ಎಳೆದು ನೋಡಿ. ಎಳೆದಾಗ ಮಾತ್ರ ಹಿಡಿದು, ಒಳಗೆ ತಳ್ಳಿದಾಗ ಸತ್ತರೆ ಕಾರ್ಬೊರೇಟರಿನ ಜೆಟ್‌ನಲ್ಲಿ (ಪೆಟ್ರೋಲ್ ಬರುವ ಸಣ್ಣ ತೂತು) ಕಸ. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಗಳಲ್ಲಿ ಇದು ಸಾಮಾನ್ಯ. ಈಗಿನ ಪೆಟ್ರೋಲ್‌ನಲ್ಲಿ 20 ಶೇಕಡಾ ತನಕ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನೀರು ಜಾಸ್ತಿಯಾದರೆ ಟ್ಯಾಂಕಿನ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ಗಾಡಿ ಸುಮ್ನೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಬಿಡಬೇಡಿ.

ಸೆಲ್ಫ್ ಹೊಡೆದು ಹೊಡೆದು ಪೆಟ್ರೋಲ್ ವಾಸನೆ ಬರಲು ಶುರುವಾಯಿತೇ? ಪ್ಲಗ್ ಒದ್ದೆಯಾಗಿದೆ. ಹತ್ತು ನಿಮಿಷ ಬಿಟ್ಟು, ಆಕ್ಸಿಲರೇಟರ್ ಪೂರ್ತಿ ತುಳಿದು ಹಿಡಿದು 5 ಸೆಕೆಂಡ್ ಸೆಲ್ಫ್ ಹೊಡೆಯಿರಿ. ಆದರೆ ಪೆಟ್ರೋಲ್ ಕೆಳಗೆ ತೊಟ್ಟಿಕ್ಕುವುದು ಕಂಡರೆ ಕೀ ಮುಟ್ಟಲೇಬೇಡಿ.

ಪ್ಲಗ್ ಬಿಚ್ಚಲು ಬರುತ್ತದೆ ಅಂದರೆ, ತಣ್ಣಗಾದ ಮೇಲೆ ಒಂದನ್ನು ಬಿಚ್ಚಿ ನೋಡಿ. ಪೆಟ್ರೋಲ್‌ನಲ್ಲಿ ಒದ್ದೆಯಾಗಿದ್ದರೆ ಇಂಧನ ಬರುತ್ತಿದೆ, ಕಿಡಿ ಇಲ್ಲ. ಒಣಗಿದ್ದರೆ ಇಂಧನವೇ ಬರುತ್ತಿಲ್ಲ. ಕಪ್ಪು ಮಸಿಯಾದರೆ ಏರ್ ಫಿಲ್ಟರ್ ಕಟ್ಟಿದೆ ಅಥವಾ ಪೆಟ್ರೋಲ್ ಜಾಸ್ತಿ ಬೀಳುತ್ತಿದೆ. ಪ್ಲಗ್ ವೈರ್ ಕೈಯಲ್ಲಿ ಹಿಡಿದು ಕಿಡಿ ನೋಡುವ ಸಾಹಸ ಬೇಡ. ಅಲ್ಲಿ ಬರುವುದು ಸಾವಿರಾರು ವೋಲ್ಟ್.

ಸೀಟು ಎತ್ತಿದ್ದೀರಲ್ಲ, ಹೆಗ್ಗಣದ ಕೆಲಸವೂ ಉಂಟಾ ನೋಡಿ. ಮನೆ ಹಿಂದೆ ಬೈಹುಲ್ಲಿನ ಬಣವೆ, ತೆಂಗಿನ ಸಿಪ್ಪೆಯ ರಾಶಿ ಇದ್ದು, ಪಕ್ಕದಲ್ಲೇ ವ್ಯಾನ್ ನಿಲ್ಲಿಸುವವರು ವಿಶೇಷವಾಗಿ. ಮಳೆಗಾಲದಲ್ಲಿ ಬೆಚ್ಚಗಿನ ಇಂಜಿನ್ ಮೇಲೆ ಮಲಗುವುದು ಅವುಗಳಿಗೆ ಇಷ್ಟ, ವೈರ್ ಕಡಿಯುವುದು ಇನ್ನೂ ಇಷ್ಟ. ಕತ್ತರಿಸಿದ ವೈರಿಗೆ ಬರೀ ಟೇಪ್ ಸುತ್ತಿದರೆ ಮುಂದಿನ ಮಳೆಗೆ ಮತ್ತೆ ತುಕ್ಕು. ಬೆಸುಗೆ ಹಾಕಿಸಿ, ಮೇಲೆ ಸ್ಲೀವ್ ಹಾಕಿಸಿ.

ಒಂದು ಸದ್ದಿಗೆ ಮಾತ್ರ ಹೆದರಬೇಕು. ಓಡುತ್ತಿದ್ದ ಓಮ್ನಿ ಇದ್ದಕ್ಕಿದ್ದಂತೆ ನಿಂತು, ಆಮೇಲೆ ಸೆಲ್ಫ್ ಹೊಡೆದರೆ ಎಂದಿಗಿಂತ ಹಗುರವಾಗಿ, ವೇಗವಾಗಿ "ಗಿರ್ರ್" ಅಂತ ತಿರುಗಿದರೆ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು. ಮತ್ತೊಮ್ಮೆ ಸೆಲ್ಫ್ ಬೇಡ. ಟೋ ಮಾಡಿಸಿ.

ಮಳೆಯ ಮರುದಿನ, ನೀರು ದಾಟಿದ ಮೇಲೆ

ಇವೆರಡು ಬೇರೆ ಬೇರೆ. ರಾತ್ರಿಯೆಲ್ಲ ಮಳೆ ಸುರಿದು ಬೆಳಿಗ್ಗೆ ಹಿಡಿಯುತ್ತಿಲ್ಲ ಅಂದರೆ ತೇವ. ಹಳೆ ಓಮ್ನಿಯ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಮುಚ್ಚಳ ಬಿಚ್ಚಿ ಒಳಗೆ, ಹೊರಗೆ ಒಣ ಬಟ್ಟೆಯಲ್ಲಿ ಒರೆಸಿ. ಪ್ಲಗ್ ವೈರ್‌ಗಳನ್ನೂ ಒರೆಸಿ. ಮುಚ್ಚಳದಲ್ಲಿ ಕೂದಲೆಳೆಯಂಥ ಕಪ್ಪು ಬಿರುಕು ಕಂಡರೆ ಒರೆಸಿ ಪ್ರಯೋಜನವಿಲ್ಲ, ಬದಲಿಸಿ. ಕತ್ತಲಲ್ಲಿ ಸೆಲ್ಫ್ ಹೊಡೆಸಿ ನೋಡಿದರೆ ಹಾಳಾದ ವೈರಿನಿಂದ ನೀಲಿ ಕಿಡಿ ಹಾರುವುದು ಕಣ್ಣಿಗೇ ಕಾಣುತ್ತದೆ. ಪೆಟ್ರೋಲ್ ಅಥವಾ ಗ್ಯಾಸ್ ವಾಸನೆ ಇಲ್ಲದಾಗ ಮಾತ್ರ ಇದನ್ನು ಮಾಡಿ.

ಕೊಟ್ಟಾರ ಚೌಕಿಯಲ್ಲೋ ಪಡೀಲಿನ ರೈಲ್ವೆ ಅಂಡರ್‌ಪಾಸಿನಲ್ಲೋ ನಿಂತ ನೀರಿಗೆ ಇಳಿದು, ನಡುವೆ ಇಂಜಿನ್ ಆಫ್ ಆಯಿತು ಅಂದರೆ ಕಥೆ ಬೇರೆ. ಇಂಜಿನ್ ಒಳಗೆ ನೀರು ಹೋಗಿರಬಹುದು. ಪಿಸ್ಟನ್ ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ. ಆಗ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಸಣ್ಣ ಬಿಲ್ಲಿನಲ್ಲಿ ಮುಗಿಯುವ ಕೆಲಸ ಇಂಜಿನ್ ಬಿಚ್ಚುವ ತನಕ ಹೋಗುವುದು ಹೀಗೆ. ಕೀ ತೆಗೆಯಿರಿ, ಜನ ಸೇರಿಸಿ ದೂಡಿ ಮೇಲೆ ತನ್ನಿ. ಏರ್ ಫಿಲ್ಟರ್ ಒದ್ದೆಯಾಗಿದೆಯೇ, ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಹಾಲು ಬೆರೆತಂತೆ ಕಾಣುತ್ತಿದೆಯೇ ನೋಡಿ. ಎರಡರಲ್ಲಿ ಒಂದು ಹೌದಾದರೂ ಗ್ಯಾರೇಜಿಗೆ ಎಳೆಸಿಕೊಂಡೇ ಹೋಗಿ.

ಬಿಸಿ ಇರುವಾಗ ಮಾತ್ರ ಹಠ

ಏಪ್ರಿಲ್, ಮೇ ಸೆಕೆಯಲ್ಲಿ ಚೆನ್ನಾಗಿ ಓಡಿಸಿ, ಹತ್ತು ನಿಮಿಷ ನಿಲ್ಲಿಸಿ ಮತ್ತೆ ಕೀ ತಿರುಗಿಸಿದರೆ ಹಿಡಿಯುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗದ ಹಾಗೆ ಸ್ಟಾರ್ಟ್. ಕಾರ್ಬೊರೇಟರ್ ಗಾಡಿಯಲ್ಲಿ ಸೀಟಿನಡಿಯ ಶಾಖಕ್ಕೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗುವುದು ಒಂದು ಕಾರಣ. ಸೀಟು ಎತ್ತಿ ಗಾಳಿ ಆಡಲು ಬಿಡಿ. ಪದೇ ಪದೇ ಆದರೆ ಇಗ್ನಿಷನ್ ಕಾಯಿಲ್ ಅಥವಾ ಸೆನ್ಸರ್ ಬಿಸಿಗೆ ಕೈಕೊಡುತ್ತಿರಬಹುದು. ಗ್ಯಾರೇಜಿನಲ್ಲಿ ಗಾಡಿ ತಣ್ಣಗಿರುವಾಗ ತೋರಿಸಿದರೆ ಸಿಕ್ಕುವುದಿಲ್ಲ, ಬಿಸಿ ಇರುವಾಗಲೇ ತೋರಿಸಿ.

ಗ್ಯಾಸ್ ಹಾಕಿಸಿದ ವ್ಯಾನ್

ವಾಸನೆ ಬಂದರೆ ಉಳಿದ ಯಾವ ಪರೀಕ್ಷೆಯೂ ಇಲ್ಲ. ಕೀ, ಲೈಟ್, ಫೋನ್ ಯಾವುದನ್ನೂ ಮುಟ್ಟದೆ ಬಾಗಿಲುಗಳನ್ನು ತೆರೆದು, ಎಲ್ಲರೂ ದೂರ ಹೋಗಿ. ಸಿಲಿಂಡರ್ ವಾಲ್ವ್ ಸುಲಭಕ್ಕೆ ಸಿಗುವುದಾದರೆ ಮುಚ್ಚಿ. ದೂರ ಹೋದ ಮೇಲೆ ಫೋನ್ ಮಾಡಿ. ಸಿಎನ್‌ಜಿ ಗಾಳಿಗಿಂತ ಹಗುರ, ಮೇಲೆ ಹೋಗುತ್ತದೆ. ಎಲ್‌ಪಿಜಿ ಭಾರ, ಫ್ಲೋರಿನಲ್ಲಿ, ತಗ್ಗಿನಲ್ಲಿ ನಿಲ್ಲುತ್ತದೆ. ಶೆಡ್ಡಿನೊಳಗೆ ನಿಲ್ಲಿಸಿದ ಎಲ್‌ಪಿಜಿ ಓಮ್ನಿ ಹಾಗಾಗಿ ಹೆಚ್ಚು ಅಪಾಯ. ಮನೆಯ ಅಡುಗೆ ಸಿಲಿಂಡರ್‌ನಿಂದ ತುಂಬಿಸುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ.

ವಾಸನೆ ಇಲ್ಲ, ಸುಮ್ನೆ ಹಿಡಿಯುತ್ತಿಲ್ಲ ಅಂದರೆ ಪೆಟ್ರೋಲ್‌ಗೆ ಬದಲಿಸಿ ಸ್ಟಾರ್ಟ್ ಮಾಡಿ. ಪೆಟ್ರೋಲ್‌ನಲ್ಲಿ ಹಿಡಿದರೆ ತೊಂದರೆ ಕಿಟ್‌ನದ್ದು. ಕಿಟ್ ಬಿಚ್ಚುವ ಕೆಲಸ ಅಧಿಕೃತರಿಗೇ ಬಿಡಿ. ದುಡ್ಡು ಉಳಿಸಲು ಪೆಟ್ರೋಲ್ ಟ್ಯಾಂಕ್ ಸದಾ ಖಾಲಿ ಇಟ್ಟುಕೊಂಡರೆ ಟ್ಯಾಂಕಿನೊಳಗಿನ ಪಂಪ್ ಒಣಗಿ ಸುಡುತ್ತದೆ, ಉಳಿಸಿದ್ದು ಅಲ್ಲಿಗೆ ಸರಿಹೋಗುತ್ತದೆ.

ದೂಡುವುದು, ಜಂಪ್ ಕೊಡುವುದು

ಇನ್ನೊಂದು ಗಾಡಿಯಿಂದ ಜಂಪ್ ಕೊಡುವಾಗ ಎರಡೂ 12 ವೋಲ್ಟಿನದ್ದೇ ಇರಲಿ. ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯದರ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆಯದರ ಮೈನಸ್‌ಗೆ, ಕೊನೆಯ ತುದಿ ಸತ್ತ ಗಾಡಿಯ ಇಂಜಿನ್ ಲೋಹಕ್ಕೆ. ಬ್ಯಾಟರಿಗೇ ಹಾಕಿದರೆ ಕಿಡಿ ಅದರ ಹತ್ತಿರವೇ ಹಾರುತ್ತದೆ. ತೆಗೆಯುವಾಗ ಇದನ್ನೇ ಹಿಂದುಮುಂದಾಗಿ.

ದೂಡಿ ಸ್ಟಾರ್ಟ್ ಮಾಡುವುದು ಕಾರ್ಬೊರೇಟರ್ ಓಮ್ನಿಗೆ ಪರವಾಗಿಲ್ಲ. ಕೀ ಆನ್, ಎರಡನೇ ಗೇರ್, ಕ್ಲಚ್ ತುಳಿದು, ವೇಗ ಬಂದಾಗ ಬಿಡಿ. ಇಂಜೆಕ್ಷನ್ ಗಾಡಿಯಲ್ಲಿ ಬ್ಯಾಟರಿ ಪೂರ್ತಿ ಸತ್ತಿದ್ದರೆ ಪಂಪ್, ಇಸಿಎಂ ಎರಡೂ ಏಳುವುದಿಲ್ಲ, ದೂಡಿದವರಿಗೆ ಬೆವರಷ್ಟೇ. ಕದ್ರಿಯಂಥ ಇಳಿಜಾರಿನಲ್ಲಿ ಬಿಡುವ ಮುಂಚೆ ನೆನಪಿಡಿ: ಇಂಜಿನ್ ಓಡದಿದ್ದಾಗ ಬ್ರೇಕ್ ಗಟ್ಟಿಯಾಗುತ್ತದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಂತೂ ದೂಡುವ ಯೋಚನೆಯೇ ಬೇಡ. ಹಜಾರ್ಡ್ ಲೈಟ್ ಹಾಕಿ, ತ್ರಿಕೋನ ಇಟ್ಟು, ಎಲ್ಲರೂ ರಸ್ತೆಯಿಂದಾಚೆ ನಿಂತು 1033ಕ್ಕೆ ಫೋನ್ ಮಾಡಿ. ಅದು ಹೆದ್ದಾರಿ ಸಹಾಯವಾಣಿ.

ಗ್ಯಾರೇಜಿಗೆ ಫೋನ್ ಮಾಡುವಾಗ

"ಅಣ್ಣ, ಗಾಡಿ ಸ್ಟಾರ್ಟ್ ಆಗುವುದಿಲ್ಲ, ಬೇಗ ಬನ್ನಿ" ಅಂದರೆ ಅವರಿಗೆ ಏನು ತರಬೇಕು ಎಂದೇ ಗೊತ್ತಾಗುವುದಿಲ್ಲ. "ಅಣ್ಣ, ಈಕೋ ಪೆಟ್ರೋಲ್. ದೀಪ ಸರಿ ಉಂಟು, ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಹಿಡಿಯುವುದಿಲ್ಲ. ಪಂಪಿನ ಸದ್ದು ಬರುವುದಿಲ್ಲ. ಫ್ಯೂಸ್ ನೋಡಿದೆ, ಸರಿ ಉಂಟು" ಅಂದು ನೋಡಿ. ರಿಲೇ ಜೇಬಿಗೆ ಹಾಕಿಕೊಂಡೇ ಬರುತ್ತಾರೆ.

ಸ್ಟಾರ್ಟ್ ಆಯಿತು, ಈಗ?

ಕೂಡಲೇ ಆಫ್ ಮಾಡಬೇಡಿ. ಬ್ಯಾಟರಿ ಚಿತ್ರದ ಕೆಂಪು ದೀಪ ಆರಿದೆಯೇ ನೋಡಿ. ಇಂಜಿನ್ ಓಡುವಾಗ ಬ್ಯಾಟರಿ ಮೇಲೆ ಮೀಟರ್ ಇಟ್ಟರೆ 13.8ರಿಂದ 14.5 ವೋಲ್ಟ್ ಬರಬೇಕು. ಬರದಿದ್ದರೆ ಆಲ್ಟರ್ನೇಟರಿನ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಬೆಲ್ಟ್ ಸಡಿಲವೇ ನೋಡಿ. ನೋಡುವುದು ಇಂಜಿನ್ ಆಫ್ ಮಾಡಿದ ಮೇಲೆ, ಓಡುವ ಬೆಲ್ಟಿನ ಹತ್ತಿರ ಕೈ, ಲುಂಗಿ, ಶಾಲು ಯಾವುದೂ ಹೋಗಬಾರದು. ಮಲ್ಪೆಯಿಂದ ಉಡುಪಿಗೆ 6 ಕಿಲೋಮೀಟರ್ ಆಸುಪಾಸು. ಅಷ್ಟು ಓಡಿಸಿ ನಿಲ್ಲಿಸಿದರೆ ಇಳಿದ ಬ್ಯಾಟರಿ ತುಂಬುವುದಿಲ್ಲ. ಆ ದಿನ ಮುಲ್ಕಿ ತನಕ ಹೋಗಿ ಬರುವ ಕೆಲಸವಿದ್ದರೆ ಒಳ್ಳೆಯದು, ಇಲ್ಲವಾದರೆ ರಾತ್ರಿ ಚಾರ್ಜರ್‌ಗೆ ಹಾಕಿಸಿ.